ನಿಂಬೆವ್ವನ ಎಡಗಾಲು

ನಿಂಬೆವ್ವನ ಎಡಗಾಲಿಗೆ ಹಿಟ್ಟು ಬಂದದ್ದನ್ನು ಮೊದಲು ಕಂಡವಳು ನಮ್ಮ ಮಗಳು ಕಾಶವ್ವ. ತಾಯಿಗೆ ಲಕ್ವ ಹೊಡೆದು ಇನ್ನೂ ವಾರ ತುಂಬಿರಲಿಲ್ಲ. ಮೈ ಒರೆಸಲು ಹೊದಿಕೆ ಸರಿಸಿದವಳು ಹಾಗೇ ನಿಂತುಬಿಟ್ಟಳು. ಪಾದದಿಂದ ಮೀನಖಂಡದವರೆಗೆ, ಬೀಸುವ ಕಲ್ಲಿನ ಸುತ್ತ ಜೋಳದ ಹಿಟ್ಟು ಕೂತ ಹಾಗೆ, ತೆಳ್ಳಗೆ ಬೆಳ್ಳಗೆ ಕೂತಿತ್ತು. ಕಾಶವ್ವ ಸೆರಗಿನಿಂದ ಒರೆಸಿದಳು, ಹೋಯಿತು. ಮಧ್ಯಾಹ್ನ ನೋಡಿದರೆ ಮತ್ತೆ ಅಷ್ಟೇ ಬಂದಿತ್ತು. ಮಂಚದ ಕಾಲಿನ ಹತ್ತಿರ ಇರುವೆಗಳು ದಾರಿ ಹುಡುಕುತ್ತಿದ್ದವು.

ನಮ್ಮೂರಲ್ಲಿ ಹಿಟ್ಟು ಬರುವುದು ಹೊಸದೇನಲ್ಲ. ಕೂತವರಿಗೆ ಬರುತ್ತದೆ. ಮೈಯ ಯಾವ ಭಾಗ ದುಡಿಯುವುದಿಲ್ಲವೋ ಆ ಭಾಗಕ್ಕೆ ಬರುತ್ತದೆ, ದುಡಿದರೆ ಹೋಗುತ್ತದೆ. ಚೆನ್ನಾಗಿ ನಡೆದವನ ಕಾಲು ಆ ದಿನ ಸ್ವಚ್ಛ, ಮರುದಿನವೂ ಸ್ವಚ್ಛ. ಆಮೇಲೂ ಕೂತೇ ಇದ್ದರೆ ಸವರಿದ ಬೆರಳಿಗೆ ಅಂಟುತ್ತದೆ. ನಾಲಿಗೆಗೆ ಇಟ್ಟರೆ ಸಿಹಿ. ಅದಕ್ಕೇ ನಮ್ಮಲ್ಲಿ ಉಂಡವರು ಗೋಡೆಗೆ ಒರಗುವುದಿಲ್ಲ, ಕೆರೆಯ ಏರಿಯ ಮೇಲೆ ಒಂದು ಸುತ್ತು ಹೋಗಿಬರುತ್ತಾರೆ. ಮದುವೆಯ ಊಟ ಮುಗಿದರೂ ಅಷ್ಟೆ, ಮದುಮಕ್ಕಳ ಹಿಂದೆ ಬೀಗರೆಲ್ಲ ಏರಿ ಹತ್ತುತ್ತಾರೆ. ಸಾವಿನ ಮನೆಯಲ್ಲಿ ಅಳುವವರು ಅಂಗಳದಲ್ಲಿ ಸುತ್ತು ಹಾಕುತ್ತಲೇ ಅಳುತ್ತಾರೆ. ದರ್ಜಿ ಈರಬಸಪ್ಪ ದಿನವೆಲ್ಲ ಮಷೀನು ತುಳಿಯುವುದರಿಂದ ಅವನ ಕಾಲಿಗೆ ಏನೂ ಬರುವುದಿಲ್ಲ, ಬಟ್ಟೆ ಒತ್ತಿ ಹಿಡಿದ ಎಡಭುಜಕ್ಕೆ ಮಾತ್ರ ಹಿಟ್ಟು ಕೂರುತ್ತದೆ. ಅವನು ಬಾವಿಯಿಂದ ಎಡಗೈಯಲ್ಲೇ ನೀರು ಸೇದುವುದನ್ನು ನೋಡಿ ಯಾರೂ ಏಕೆ ಎಂದು ಕೇಳುವುದಿಲ್ಲ.

ನಮ್ಮದು ಹಗ್ಗ ಹೊಸೆಯುವ ಮನೆ. ಮನೆಯ ಹಿಂದೆ ಊರ ಗೋಡೆಗುಂಟ ಉದ್ದಕ್ಕೆ ಒಂದು ಓಣಿ, ಅದೇ ನಮ್ಮ ಕಾರ್ಖಾನೆ. ಒಂದು ತುದಿಗೆ ರಾಟೆ. ಒಬ್ಬರು ರಾಟೆ ತಿರುಗಿಸಬೇಕು, ಇನ್ನೊಬ್ಬರು ಸೊಂಟಕ್ಕೆ ನಾರು ಕಟ್ಟಿಕೊಂಡು, ಬೆರಳ ಸಂದಿಯಿಂದ ಬಿಡುತ್ತಾ ಹಿಂದೆ ಹಿಂದೆ ನಡೆಯಬೇಕು. ತಿರುಗಿಸುವವಳು ನಿಂಬೆವ್ವ, ನಡೆಯುವವನು ನಾನು. ಮದುವೆಯಾದಾಗಿನಿಂದ ನಾನು ಅವಳ ಮುಖ ನೋಡುತ್ತಲೇ ಅವಳಿಂದ ದೂರ ಹೋಗುತ್ತಿದ್ದೆ, ಓಣಿ ಮುಗಿದ ಮೇಲೆ ತಿರುಗಿ ಅವಳ ಹತ್ತಿರ ಬರುತ್ತಿದ್ದೆ. ಆ ತುದಿಯಿಂದ ಅವಳು ಕೂಗಿ ಹೇಳಿದ್ದು ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಕೇಳದಿದ್ದರೂ ಹೂಂ ಅನ್ನುತ್ತಿದ್ದೆ.

ಲಕ್ವ ಹೊಡೆದದ್ದು ಆ ಓಣಿಯಲ್ಲೇ. ನಾನು ನಡುದಾರಿಯಲ್ಲಿದ್ದೆ. ಕೈಯಲ್ಲಿದ್ದ ಹುರಿ ತಟ್ಟನೆ ಸಡಿಲಾಯಿತು. ನೋಡಿದರೆ ರಾಟೆ ನಿಂತಿತ್ತು. ನಿಂಬೆವ್ವ ರಾಟೆಯ ಕಂಬಕ್ಕೆ ಆತುಕೊಂಡು, ಮರೆತದ್ದೇನನ್ನೋ ನೆನಪು ಮಾಡಿಕೊಳ್ಳುವವಳ ಹಾಗೆ ನಿಂತಿದ್ದಳು. ಏನಾಯಿತೆಂದು ಕೂಗಿದೆ. ಉತ್ತರಿಸಲು ಬಾಯಿ ತೆರೆದಳು, ಬಾಯಿಯ ಒಂದು ಬದಿ ಮಾತ್ರ ತೆರೆಯಿತು. ನಾನು ಓಡಿ ತಲುಪುವಷ್ಟರಲ್ಲಿ ನೆಲಕ್ಕೆ ಕುಸಿದಿದ್ದಳು. ಸೊಂಟದ ನಾರು ಓಣಿಯುದ್ದಕ್ಕೂ ನನ್ನ ಹಿಂದೆ ಬಿಚ್ಚಿಕೊಂಡು ಬಂದಿತ್ತು.

ವೈದ್ಯರು ಬಂದರು, ಔಷಧಿ ಕೊಟ್ಟರು. ಬರಬರುತ್ತ ಮಾತು ತೊದಲಿದರೂ ತಿಳಿಯುವ ಹಾಗಾಯಿತು. ಎಡಗೈಗೆ ಸ್ವಲ್ಪ ಜೀವ ಬಂತು. ನಾರಿನ ಉಂಡೆಯೊಂದನ್ನು ಕೊಟ್ಟರೆ ಹಿಚುಕುತ್ತಿದ್ದಳು, ಅಷ್ಟಕ್ಕೇ ಆ ಕೈಗೆ ಹಿಟ್ಟು ಬರಲಿಲ್ಲ. ಬಲಗಾಲನ್ನು ಮಂಚದ ಪಟ್ಟಿಗೆ ಒದ್ದು ಒದ್ದು ತಾನೇ ಸ್ವಚ್ಛ ಇಟ್ಟುಕೊಂಡಳು. ಎಡಗಾಲು ಮಾತ್ರ ಅವಳ ಮಾತು ಕೇಳಲಿಲ್ಲ. ಅದನ್ನೇ ನೋಡುತ್ತ, ಪರರ ಮನೆಯ ದನ ನಮ್ಮ ಹಿತ್ತಲಲ್ಲಿ ಮಲಗಿದ ಹಾಗೆ ಮಲಗೈತಿ ನೋಡ್ರಿ, ಅಂದಳು. ಆಗ ಇನ್ನೂ ನಗುತ್ತಿದ್ದಳು.

ಅವಳು ಆಡಿಸಲಾಗದ್ದನ್ನು ನಾವು ಆಡಿಸೋಣ ಅಂದುಕೊಂಡೆವು. ಬೆಳಿಗ್ಗೆ ನಾನು ಆ ಕಾಲನ್ನು ಹಿಡಿದು ಮಡಚಿ ಚಾಚಿ, ಮಡಚಿ ಚಾಚಿ, ನನ್ನ ರಟ್ಟೆ ಸೋಲುವ ತನಕ ಮಾಡುತ್ತಿದ್ದೆ. ಮಧ್ಯಾಹ್ನ ಕಾಶವ್ವ ಬರುತ್ತಿದ್ದಳು. ಅವಳನ್ನು ಕೊಟ್ಟದ್ದು ಇದೇ ಊರಿನ ಮೇಲಿನ ಓಣಿಗೆ. ಸಂಜೆ ಏರಿಗೆ ಹೋಗುವ ನೆರೆಯವರು ಒಳಗೆ ಬಂದು, ಒಬ್ಬರಾದ ಮೇಲೆ ಒಬ್ಬರು, ಆ ಕಾಲನ್ನು ನಡೆಸುವ ಹಾಗೆ ತಿರುಗಿಸಿ ಹೋಗುತ್ತಿದ್ದರು. ಆ ಕಾಲು ಮಲಗಿದಲ್ಲೇ ಎಷ್ಟು ದಾರಿ ಸವೆಸಿತೋ ದೇವರಿಗೆ ಗೊತ್ತು. ಹಿಟ್ಟು ಕಡಿಮೆಯಾಗಲಿಲ್ಲ. ಊಟ ಕಡಿಮೆ ಮಾಡಿ ನೋಡಿದೆವು. ಅವಳು ಬಡವಾದಳು, ಹಿಟ್ಟು ಬಡವಾಗಲಿಲ್ಲ.

ಹುಣ್ಣಿಮೆಯ ಮರುದಿನ ಶಿವಗಂಗವ್ವ ಬಂದಳು. ಮನೆ ಮನೆಗೆ ಹೋಗಿ ಹಿಟ್ಟು ನೋಡುವ ಕೆಲಸ ಅವಳದು, ಅವಳ ತಾಯಿಯದೂ ಅದೇ ಆಗಿತ್ತು. ನಿಂಬೆವ್ವನ ಮೀನಖಂಡದ ಮೇಲೆ ಬೆರಳು ಎಳೆದು ನಾಲಿಗೆಗೆ ಇಟ್ಟುಕೊಂಡಳು. ಆಮೇಲೆ ಮೊಣಕಾಲಿನ ಕೆಳಗೆ ಉಗುರಿನಿಂದ ತಟ್ಟಿದಳು. ಟಿಕ್ ಟಿಕ್ ಅಂತ ಗಟ್ಟಿ ಸದ್ದು ಬಂತು. ಹಿಟ್ಟು ಅಲ್ಲಿ ಹರಳಾಗುತ್ತಿತ್ತು. ನಾವು ದಿನಾ ಆಡಿಸುತ್ತೇವೆಂದು ಹೇಳಿದೆ. ಅವಳಿಗೆ ನನ್ನ ಮೇಲೆ ಮರುಕ ಬಂದಿತ್ತೆಂದು ಕಾಣುತ್ತದೆ. "ನೀ ಆಡಿಸಿದರ ನಿನ್ನ ತೋಳಿಗೆ ಒಳ್ಳೇದು ಬಾಳಪ್ಪ," ಅಂದಳು. "ಕಾಲು ತಾನೇ ಬಿಗಿದು ತಾನೇ ಬಿಡಬೇಕು. ಒಬ್ಬರ ಪಾಲಿಂದು ಇನ್ನೊಬ್ಬರು ದುಡಿಯೂಕಾಗೂದಿಲ್ಲ ಇದು."

ಹರಳು ಸೊಂಟ ದಾಟಿದರೆ ಏನಾಗುತ್ತದೆಂದು ಅವಳು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಏರಿಯ ಆಚೆ ಬಯಲಲ್ಲಿ ಒಂದು ಉದ್ದನೆಯ ಮನೆ ಇದೆ. ಅದಕ್ಕೆ ಆಚೆಮನೆ ಅನ್ನುತ್ತಾರೆ. ಹರಳು ಸೊಂಟ ದಾಟಿದವರನ್ನು ಅಲ್ಲಿಗೆ ಕಳಿಸುವುದು ಊರ ಕಟ್ಟಳೆ. ಇದರಲ್ಲಿ ಯಾರ ಕ್ರೌರ್ಯವೂ ಇಲ್ಲ. ಅಷ್ಟು ಸಿಹಿ ಒಂದು ಮನೆಯಲ್ಲಿದ್ದರೆ ಇರುವೆ ಓಣಿಗೆ ಓಣಿಯನ್ನೇ ಹಿಡಿಯುತ್ತದೆ, ಗೋಡೆಯೊಳಗೆ ಗೂಡು ಕಟ್ಟುತ್ತದೆ, ತೊಟ್ಟಿಲ ಕೂಸುಗಳನ್ನು ಕಚ್ಚುತ್ತದೆ. ಆಚೆಮನೆಯಲ್ಲಿ ಅನ್ನ ನೀರಿಗೆ ಕೊರತೆಯಿಲ್ಲ, ನೋಡಿಕೊಳ್ಳುವವರಿದ್ದಾರೆ, ಯಾರು ಬೇಕಾದರೂ ಹೋಗಿ ಮಾತಾಡಿಸಬಹುದು. ಆದರೆ ಹೋದವರು ತಿರುಗಿ ಬಂದದ್ದಿಲ್ಲ. ಮೊದಲು ಬಾಯಾರಿಕೆ, ಆಮೇಲೆ ಕಣ್ಣು ಮಂಜು, ಆಮೇಲೆ ನಿದ್ದೆ.

ನಿಂಬೆವ್ವನ ತಾಯಿ ಅಲ್ಲಿಗೆ ಹೋಗಿದ್ದಳು. ತಾಯಿಗೆ ಬುತ್ತಿ ಒಯ್ಯುತ್ತಿದ್ದವಳು ಇವಳೇ, ಆಗಿನ್ನೂ ಲಂಗ ಉಡುವ ಹುಡುಗಿ. ಒಂದು ದಿನ ಹೋದಾಗ ತಾಯಿ ಇವಳನ್ನು ನೋಡಿ, ನೀನು ಯಾರ ಮಗಳವ್ವಾ, ಅಂದಳಂತೆ. ಶಿವಗಂಗವ್ವ ಹೋದ ಮೇಲೆ ನಿಂಬೆವ್ವ ಬಹಳ ಹೊತ್ತು ಜಂತಿ ನೋಡುತ್ತ ಮಲಗಿದ್ದಳು. ಆಮೇಲೆ ತೊದಲು ಮಾತಲ್ಲೇ, ಆದರೆ ತಪ್ಪದ ಹಾಗೆ ಒಂದೊಂದೇ ಅಕ್ಷರ ಕೂಡಿಸಿ, "ನನ್ನ ಅಲ್ಲಿ ಕಳಸಬ್ಯಾಡ್ರಿ," ಅಂದಳು. ಕಳಿಸುವುದಿಲ್ಲ ಅಂದೆ.

ಹಿಟ್ಟಿಗೆ ಮದ್ದು ಸಿಕ್ಕದ್ದು ಹುಡುಕಿ ಅಲ್ಲ. ಮಾರ್ಗಶಿರದ ಚಳಿ ಶುರುವಾಗಿತ್ತು. ಒಂದು ಬೆಳಿಗ್ಗೆ ಅವಳು ತನಗೆ ಮೈಯೆಲ್ಲ ಅಂಟು ಅಂಟು ಅನ್ನಿಸುತ್ತಿದೆ, ತಲೆಗೂ ನೀರು ಬಿದ್ದು ಬಹಳ ದಿನವಾಯಿತು, ಕಾಲುವೆಗೆ ಕರೆದುಕೊಂಡು ಹೋಗಿ ಎಂದಳು. ಬೆನ್ನ ಮೇಲೆ ಹೊತ್ತುಕೊಂಡು ಹೋದೆ. ಮೆಟ್ಟಿಲ ಮೇಲೆ ಕೂರಿಸಿದರೆ, ಇನ್ನೂ ಕೆಳಗೆ, ಇನ್ನೂ ಕೆಳಗೆ ಅನ್ನುತ್ತ ಎದೆಮಟ್ಟ ನೀರಿಗೆ ಇಳಿಸಿಕೊಂಡಳು. ಮಗುವಿನ ಹಾಗೆ ಬಲಗೈಯಿಂದ ನೀರು ಬಡಿದಳು. ಸ್ವಲ್ಪ ಹೊತ್ತಿಗೆ ನಡುಕ ಹತ್ತಿತು. ಹಲ್ಲು ಕಟಕಟ ಅನ್ನತೊಡಗಿದವು. ಎತ್ತಿ ಮೆಟ್ಟಿಲ ಮೇಲೆ ಮಲಗಿಸಿ ಒಣ ಸೀರೆ ಸುತ್ತುವಾಗ ನೋಡಿದೆ, ಎಡಗಾಲು ನಡುಗುತ್ತಿತ್ತು. ತೊಡೆಯ ಮಾಂಸ ಚರ್ಮದ ಕೆಳಗೆ ಗಾಳಿಗೆ ನೀರು ಅಲುಗಿದ ಹಾಗೆ ಅಲುಗುತ್ತಿತ್ತು. ಅವಳು ಹೇಳಿದರೆ ಕೇಳದ ಕಾಲು ಚಳಿಯ ಮಾತು ಕೇಳಿತ್ತು.

ಸಂಜೆ ಸವರಿದರೆ ಹಿಟ್ಟು ಮೆತ್ತಗಾಗಿತ್ತು. ಮರುದಿನ ಬೆಳಿಗ್ಗೆ ಮೊಣಕಾಲಿನ ಕೆಳಗಿನ ಹರಳು ಒಂದು ಕಡೆ ಬಿರುಕು ಬಿಟ್ಟು ಹಾಸಿಗೆಯ ಮೇಲೆ ಉದುರಿತ್ತು, ಅದರ ಕೆಳಗೆ ಅವಳ ನಿಜವಾದ ಚರ್ಮ ಕಂಡಿತು. ಅಲ್ಲಿ ಒಂದು ಸಣ್ಣ ಮಚ್ಚೆ ಇದೆ ಅನ್ನುವುದನ್ನೇ ನಾನು ಮರೆತಿದ್ದೆ. ಹೊರಗೆ ಬಂದು ಓಣಿಯ ಗೋಡೆ ಹಿಡಿದು ಅತ್ತೆ. ಒಳಗೆ ಬಂದು ನಿಂಬೆವ್ವಗೆ ಹೇಳಿದೆ. ಅವಳೂ ಅತ್ತಳು. "ಹಂಗಾದರ ದಿನಾ ಒಯ್ರಿ," ಅಂದಳು.

ದಿನಾ ಒಯ್ದೆ. ಹೊತ್ತು ಮೂಡುವ ಮೊದಲು ನೀರು ಹೆಚ್ಚು ತಣ್ಣಗಿರುತ್ತದೆಂದು ಆಗಲೇ ಒಯ್ದೆ. ಚಳಿ ಹೆಚ್ಚಿದಷ್ಟೂ ನಡುಕ ಹೆಚ್ಚು, ನಡುಕ ಹೆಚ್ಚಿದಷ್ಟೂ ಹಿಟ್ಟು ಕಡಿಮೆ. ಒಂದು ದಿನ ತಪ್ಪಿಸಿದರೂ ಕಾಲು ತಡೆದುಕೊಳ್ಳುತ್ತಿತ್ತು, ಎರಡನೆಯ ದಿನ ತಪ್ಪಿಸಿದರೆ ಬೆಳ್ಳಗಾಗುತ್ತಿತ್ತು. ಹಾಗಾಗಿ ತಪ್ಪಿಸಲಿಲ್ಲ. ಮುಂದಿನ ಹುಣ್ಣಿಮೆಗೆ ಶಿವಗಂಗವ್ವ ಬಂದು ಕಾಲಿನ ಮೇಲೆ ಬೆರಳೆಳೆದು, ನೆಕ್ಕಿ, ನಂಬಲಾಗದೆ ಮತ್ತೊಮ್ಮೆ ಎಳೆದು ನೋಡಿದಳು. ನಾನು ಹೇಗೆ ಮಾಡಿದೆನೆಂದು ಹುರುಪಿನಿಂದ ಹೇಳಿದೆ. ಅವಳು ಕಾಲನ್ನು ಬಿಟ್ಟು ನಿಂಬೆವ್ವನ ಮುಖ ನೋಡುತ್ತಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, ತುಟಿ ಇಷ್ಟು ನೀಲಿಯಾಗಬಾರದಲ್ಲ ಬಾಳಪ್ಪ, ಅಂದಳು. ಅದು ಹೊತ್ತೇರಿದರೆ ಸರಿಹೋಗುತ್ತದೆಂದು ನಾನು ಹೇಳಿದೆ.

ಸರಿಹೋಗುತ್ತಿತ್ತು, ಮೊದಮೊದಲು. ಪುಷ್ಯದ ಹೊತ್ತಿಗೆ ನೀರಿಂದ ಎತ್ತಿದ ಮೇಲೂ ಮಧ್ಯಾಹ್ನದವರೆಗೆ ನಡುಗುತ್ತಿದ್ದಳು. ಬೆಂಕಿ ಕಾಯಿಸಲು ನನಗೇ ಮನಸ್ಸು ಬರುತ್ತಿರಲಿಲ್ಲ, ನಡುಕ ನಿಂತರೆ ಕೆಲಸ ನಿಂತಂತೆ ಅನ್ನಿಸುತ್ತಿತ್ತು. ಕಂಬಳಿ ಅವಳು ಕೇಳಿದಾಗ ಕೊಡುತ್ತಿದ್ದೆ, ಕೇಳುವ ತನಕ ಕಾಯುತ್ತಿದ್ದೆ. ಬರುಬರುತ್ತ ಅವಳು ಕೇಳುವುದನ್ನೂ ಬಿಟ್ಟಳು. ಮಾತೇ ಕಡಿಮೆಯಾಯಿತು. ಊರಲ್ಲಿ ಏನು ನಡೆಯಿತು, ಯಾರ ಮನೆಯ ಎಮ್ಮೆ ಈಯಿತು, ಯಾವುದೂ ಬೇಡವಾಯಿತು. ಮೈಯಲ್ಲಿ ಮಾಂಸ ಉಳಿಯಲಿಲ್ಲ. ಹೊತ್ತುಕೊಂಡು ಹೋಗುವಾಗ ಒಣಗಿದ ನಾರಿನ ಕಟ್ಟು ಹೊತ್ತ ಹಾಗೆ ಹಗುರ. ಆದರೆ ಕಾಲು ಸ್ವಚ್ಛ ಇತ್ತು. ನಾನು ದಿನಾ ಅದನ್ನೇ ನೋಡುತ್ತಿದ್ದೆ. ಬೆರಳಿನಿಂದ ಸವರಿ, ಬೆಳಕಿಗೆ ಹಿಡಿದು, ಏನೂ ಇಲ್ಲ ಅಂತ ಅವಳಿಗೂ ತೋರಿಸುತ್ತಿದ್ದೆ. ಅವಳು ನನ್ನ ಬೆರಳು ನೋಡುತ್ತಿದ್ದಳು, ತಲೆಯಾಡಿಸುತ್ತಿದ್ದಳು.

ಕಾಶವ್ವ ಒಂದು ಬೆಳಿಗ್ಗೆ ಎಂದಿಗಿಂತ ಬೇಗ ಬಂದಳು. ನಾವು ಕಾಲುವೆಯಿಂದ ಬಂದು ಬಹಳ ಹೊತ್ತಾಗಿರಲಿಲ್ಲ. ತಾಯಿಯನ್ನು ನೋಡಿದಳು, ಒಳಗೆ ಹೋಗಿ ಇದ್ದ ಕಂಬಳಿಗಳನ್ನೆಲ್ಲ ತಂದು ಹೊದಿಸಿದಳು, ಅಗ್ಗಿಷ್ಟಿಕೆ ಹಚ್ಚಿ ಮಂಚದ ಹತ್ತಿರ ಇಟ್ಟಳು. ನಾನು ಬೇಡವೆಂದೆ. ಅವಳು ನನ್ನನ್ನು ರಾಟೆಯ ಓಣಿಗೆ ಕರೆದುಕೊಂಡು ಹೋದಳು. ಇನ್ನು ಸಾಕು ಮಾಡು ಎಂದಳು. ಸಾಕು ಮಾಡಿದರೆ ಆಚೆಮನೆಗೆ ಕಳಿಸಬೇಕಾಗುತ್ತದೆ, ಕಳಿಸುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದೆ. ಅವಳು ನನ್ನ ಮೇಲೆ ಸಿಟ್ಟಾಗುತ್ತಾಳೆಂದು ಕಾದೆ. ಸಿಟ್ಟಾಗಲಿಲ್ಲ. "ಅಪ್ಪಾ, ನಿನ್ನ ಹೆಜ್ಜಿ ಸಪ್ಪಳ ಕೇಳಿದರ ಅವ್ವ ಹೆದರ್ತಾಳ," ಅಂದಳು. "ನೀ ನೋಡಿಲ್ಲ. ನಾ ನೋಡೀನಿ."

ಅವಳು ಹೇಳಿದ್ದನ್ನು ನಾನು ನಂಬಲಿಲ್ಲ. ಆ ಸಂಜೆ ಏರಿಯಿಂದ ಬಂದವನು ಕಿಟಕಿಯ ಹತ್ತಿರ ನಿಂತು ಒಳಗೆ ನೋಡಿದೆ. ನಿಂಬೆವ್ವ ಎಚ್ಚರವಿದ್ದಳು, ಬಾಯಿಯಲ್ಲಿ ಏನೋ ಗುನುಗುತ್ತಿದ್ದಳು. ನಾನು ಬಾಗಿಲ ಕಡೆ ನಡೆದು ಕಟ್ಟೆಯ ಮೇಲೆ ಹೆಜ್ಜೆ ಇಟ್ಟೆ. ಗುನುಗು ನಿಂತಿತು. ಒಳಗೆ ಹೋದಾಗ ಅವಳ ಬಲಗೈ ಕಂಬಳಿಯ ಅಂಚನ್ನು ಹಿಡಿದಿತ್ತು. ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿತ್ತು. ನನ್ನನ್ನು ನೋಡಿ ನಕ್ಕಳು. ಆ ನಗು ನೋಡಲಾಗಲಿಲ್ಲ.

ಆದರೂ ನಾನು ನಿಲ್ಲಿಸಲಿಲ್ಲ. ಮುಂದಿನ ಬೆಳಿಗ್ಗೆ ಹೆಜ್ಜೆ ಸದ್ದಾಗದ ಹಾಗೆ ನಡೆದು ಹೋಗಿ ಎತ್ತಿಕೊಂಡೆ, ಅಷ್ಟೆ.

ಶಿವರಾತ್ರಿ ಕಳೆದು ಚಳಿ ಬಿಟ್ಟಿತು. ಕಾಲುವೆಯ ನೀರು ಬೆಚ್ಚಗಾಗತೊಡಗಿತು. ಎಲ್ಲರೂ ಸಂತೋಷಪಡುವ ದಿನಗಳಲ್ಲಿ ನನಗೆ ಗಾಬರಿ. ಊರಾಚೆಯ ಹಳೇ ಬಾವಿಯಲ್ಲಿ ನೀರು ಆಳದಲ್ಲಿದೆ, ತಣ್ಣಗಿರುತ್ತದೆ. ಅಲ್ಲಿಂದ ಹೊತ್ತು ತಂದೆ. ಮಡಕೆಗಳನ್ನು ಒದ್ದೆ ಮರಳಲ್ಲಿ ಹೂತಿಟ್ಟೆ. ಒದ್ದೆ ಪಂಚೆ ಹೊದಿಸಿ ಬೀಸಣಿಗೆಯಿಂದ ಗಾಳಿ ಹಾಕಿದೆ. ನಡುಕ ಬರುತ್ತಿತ್ತು, ಆದರೆ ಮೊದಲಿನ ಹಾಗಲ್ಲ. ಸೋತ ಎತ್ತು ಬಾರುಕೋಲಿಗೆ ಒಮ್ಮೆ ಮೈ ಜಾಡಿಸಿ ಸುಮ್ಮನಾಗುವ ಹಾಗೆ. ಮೈಯಲ್ಲಿ ನಡುಗಲಿಕ್ಕೂ ಏನೂ ಉಳಿದಿರಲಿಲ್ಲ. ಹಿಟ್ಟು ಮತ್ತೆ ಬಂತು. ಈ ಸಲ ಬಲಗಾಲಿಗೂ ಬಂತು, ಒದೆಯುವ ಶಕ್ತಿ ಅದಕ್ಕೂ ಹೋಗಿತ್ತು. ನೀರಡಿಕೆ ಹೆಚ್ಚಾಯಿತು. ಮಡಕೆಯ ನೀರನ್ನು ಮೈಮೇಲೆ ಸುರಿಯುವ ಮೊದಲು ಅವಳು ಕುಡಿಯಲು ಕೇಳುತ್ತಿದ್ದಳು, ಕುಡಿದಷ್ಟೂ ಸಾಲುತ್ತಿರಲಿಲ್ಲ.

ಒಂದು ದಿನ ನಾನು ಹೊಸ ಮಡಕೆಯೊಂದನ್ನು ಎತ್ತಿಕೊಂಡು ಒಳಗೆ ಬಂದಾಗ ಅವಳು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ, ಆದರೂ ನಾನು ನಿಂತೆ.

"ಸಾಕು ಮಾಡ್ರಿ," ಅಂದಳು.

ಇವತ್ತೊಂದು ದಿನ, ಅಂದೆ. ಹಿಟ್ಟು ತೊಡೆ ದಾಟಿದೆ, ಈಗ ಬಿಟ್ಟರೆ ಅವರು ಬಂದು ಕರೆದುಕೊಂಡು ಹೋಗುತ್ತಾರೆ, ನೀನೇ ಬೇಡ ಅಂದಿದ್ದೆಯಲ್ಲ, ಅಂದೆ.

"ಅಂದಿದ್ದೆ." ಉಸಿರು ತೆಗೆದುಕೊಂಡಳು. "ಒಯ್ಲಿ. ನನಗ ಬೆಚ್ಚಗ ಇರಬೇಕಾಗೇತಿ. ಒಂದೀಟು ದಿನ ಬೆಚ್ಚಗ ಇದ್ದು ಹೋಗ್ತೀನಿ."

ನಾನು ಮಡಕೆ ಇಳಿಸಲಿಲ್ಲ. ಕೈ ಸೋಲುತ್ತಿತ್ತು, ನೀರು ತುಳುಕಿ ನನ್ನ ಕಾಲ ಮೇಲೆ ಬಿತ್ತು. ಅದು ಎಷ್ಟು ತಣ್ಣಗಿತ್ತೆಂದರೆ ನಾನೇ ಬೆಚ್ಚಿಬಿದ್ದೆ. ಅಷ್ಟು ದಿನ ಕಾಲುವೆಯಲ್ಲಿ ಅವಳನ್ನು ಇಂಥ ನೀರಲ್ಲಿ ಹಿಡಿದು ಕೂರಿಸಿದ್ದೆ, ನಾನು ಮೇಲಿನ ಒಣ ಮೆಟ್ಟಿಲ ಮೇಲೆ ನಿಂತಿರುತ್ತಿದ್ದೆ. "ಅಲ್ಲಿ ನಿನಗ ಯಾರೂ ಇಲ್ಲ," ಅಂದೆ. ಅವಳು ಬೇರೆ ಏನೋ ಯೋಚಿಸುತ್ತಿದ್ದಳು. ತಾಯಿ ಇದ್ದಾಗ ಆ ಮನೆಯ ಪಡಸಾಲೆಗೆ ಮಧ್ಯಾಹ್ನವೆಲ್ಲ ಬಿಸಿಲು ಬರುತ್ತಿತ್ತು, ಈಗಲೂ ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ ಅಂದೆ. ಬಿಸಿಲಿಗೆ ಯಾವ ತಡೆ ಇದೆ.

ಆ ದಿನ ನಾನು ಒದ್ದೆ ಬಟ್ಟೆಗಳನ್ನೆಲ್ಲ ಹಿಂಡಿ ಹೊರಗೆ ಹರವಿದೆ. ಬಿಸಿನೀರು ಕಾಯಿಸಿ ಅವಳನ್ನು ಮೀಯಿಸಿದೆ. ಹಬೆ ಏಳುವ ನೀರು ಬೆನ್ನ ಮೇಲೆ ಬಿದ್ದಾಗ ಅವಳು ಕಣ್ಣು ಮುಚ್ಚಿದಳು, ಮುಖದ ಎಡಬದಿ ಬಲಬದಿ ಎರಡೂ ಒಂದೇ ಹಾಗೆ ಸಡಿಲಾದವು. ಲಕ್ವ ಹೊಡೆದ ಮೇಲೆ ಅವಳ ಮುಖ ಸರಿಯಾಗಿ ಕಂಡದ್ದು ಅದೇ ಮೊದಲು.

ಹರಳು ಸೊಂಟ ದಾಟಲು ಹೆಚ್ಚು ದಿನ ಹಿಡಿಯಲಿಲ್ಲ. ಇರುವೆಗಳ ಸಾಲು ಮಂಚದಿಂದ ಬಾಗಿಲವರೆಗೆ, ಬಾಗಿಲಿಂದ ನೆರೆಮನೆಯವರೆಗೆ ಹೋಯಿತು. ನೆರೆಯವರು ತೊಟ್ಟಿಲನ್ನು ಮಾಳಿಗೆಗೆ ಸಾಗಿಸಿದರು. ಶಿವಗಂಗವ್ವ ಬಂದಳು. ಈ ಸಲ ಬೆರಳೆಳೆಯಲಿಲ್ಲ, ಮಂಚದ ಹತ್ತಿರ ನಿಂತು ನಿಂಬೆವ್ವನ ತಲೆ ನೇವರಿಸಿದಳು. ಗಾಡಿ ಕಳಿಸಲೇ ಎಂದು ಕೇಳಿದಳು. ಬೇಡ ಅಂದೆ.

ಹೊತ್ತುಕೊಂಡು ಹೋದೆ. ಸಂಜೆ ಏರಿಯ ಮೇಲೆ ಊರೆಲ್ಲ ನಡೆಯುತ್ತಿತ್ತು. ಹರಳು ತೂಕ, ಈಗ ಅವಳು ನಾರಿನ ಕಟ್ಟಿನ ಹಾಗೆ ಹಗುರ ಇರಲಿಲ್ಲ, ಗುಂಡುಕಲ್ಲು ಹೊತ್ತ ಹಾಗಿತ್ತು. ಜನ ದಾರಿ ಬಿಟ್ಟರು, ಆದರೆ ಯಾರೂ ನಿಲ್ಲಲಿಲ್ಲ. ನಮ್ಮೂರವರಿಗೆ ನಿಂತು ನೋಡುವುದು ಬರುವುದಿಲ್ಲ. ಕೆಲವರು ಅವಳ ಹೆಸರು ಹಿಡಿದು ಮಾತಾಡಿಸಿದರು. ದರ್ಜಿ ಈರಬಸಪ್ಪ ನಮ್ಮ ಜೊತೆಗೇ ಏರಿಯ ಕೊನೆಯವರೆಗೆ ಬಂದ. ನಡುದಾರಿಯಲ್ಲಿ ನಿಂಬೆವ್ವ ನನ್ನ ಕಿವಿಯ ಹತ್ತಿರ, ತ್ರಾಸ ಆಗಾಕ ಹತ್ತೇತೇನ್ರಿ, ಎಂದು ಕೇಳಿದಳು. ಇಲ್ಲ ಎಂದೆ. ಬೆವರು ಕಣ್ಣಿಗಿಳಿದು ಕಾಣುತ್ತಿರಲಿಲ್ಲ. ಕಾಶವ್ವ ಗಂಟು ಹಿಡಿದು ಹಿಂದೆ ಬರುತ್ತಿದ್ದಳು.

ಆಚೆಮನೆಯಲ್ಲಿ ಹೆಂಗಸರ ಕಡೆ ಹೆಚ್ಚು ಜನ ಇರಲಿಲ್ಲ. ಇವಳ ಮಂಚದ ಪಕ್ಕದಲ್ಲಿ ಸಂಗವ್ವ ಅನ್ನುವ ಮುದುಕಿ ಇದ್ದಳು. ಬಹಳ ವರ್ಷ ಅಕ್ಕಸಾಲಿಗನ ಮನೆಯಲ್ಲಿ ಕೂತು ಕುಲುಮೆ ಊದುತ್ತಿದ್ದವಳು, ಕಣ್ಣು ಪೂರ್ತಿ ಹೋಗಿತ್ತು, ಕಿವಿ ಚುರುಕಾಗಿತ್ತು. ಪಡಸಾಲೆಗೆ ಬಿಸಿಲು ನಿಜವಾಗಿಯೂ ಬರುತ್ತಿತ್ತು. ನಿಂಬೆವ್ವನ ಮಂಚವನ್ನು ಬಿಸಿಲಲ್ಲೇ ಹಾಕಿಸಿದೆವು.

ನಾನು ದಿನಾ ಹೋಗುತ್ತಿದ್ದೆ. ಬೆಳಿಗ್ಗೆ ಕಾಶವ್ವ ರಾಟೆ ತಿರುಗಿಸುತ್ತಿದ್ದಳು, ನಾನು ಹಿಂದೆ ನಡೆಯುತ್ತಿದ್ದೆ. ಮಧ್ಯಾಹ್ನ ಏರಿ ದಾಟುತ್ತಿದ್ದೆ. ವಿಚಿತ್ರವೆಂದರೆ ನಿಂಬೆವ್ವಗೆ ಮಾತು ತಿರುಗಿ ಬಂದಿತ್ತು. ಮನೆಯಲ್ಲಿ ಆ ಚಳಿಗಾಲವೆಲ್ಲ ಆಡದ ಮಾತುಗಳನ್ನು ಅಲ್ಲಿ ಆಡಿದಳು. ಕಾಶವ್ವ ರಾಟೆಯನ್ನು ಜೋರಾಗಿ ತಿರುಗಿಸುತ್ತಾಳೋ ನಿಧಾನವೋ ಎಂದು ಕೇಳುತ್ತಿದ್ದಳು. ಜೋರು, ಹುರಿ ಗಂಟಾಗುತ್ತದೆ, ಅಂದರೆ ಅವಳಿಗೆ ಒಳಗೊಳಗೇ ಸಮಾಧಾನ. ನನ್ನನ್ನು ಕಂಡು ಹೆದರುತ್ತಿದ್ದೆಯಾ ಎಂದು ಒಮ್ಮೆ ಕೇಳಿಯೇಬಿಟ್ಟೆ. ಸುಳ್ಳು ಹೇಳುತ್ತಾಳೆಂದುಕೊಂಡಿದ್ದೆ. "ಹೌದು," ಅಂದಳು. "ನಿಮ್ಮನ್ನ ಅಲ್ಲ, ನೀರನ್ನ. ಆದರ ನೀರು ತರಾವ್ರು ನೀವು ಆಗಿದ್ರಿ." ಆಮೇಲೆ ನನ್ನ ಕೈಯನ್ನು ತನ್ನ ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗಿದಳು. ಸಂಗವ್ವ ಆಚೆ ಮುಖ ಮಾಡಿದಳು, ಕಾಣದಿದ್ದರೂ.

ದಿನ ಕಳೆದಂತೆ ನಿದ್ದೆ ಹೆಚ್ಚಿತು. ನಾನು ಹೋದಾಗ ಮಲಗಿರುತ್ತಿದ್ದಳು, ಬರುವಾಗಲೂ ಮಲಗಿರುತ್ತಿದ್ದಳು. ನಡುವೆ ಎದ್ದರೆ ನೀರು ಕೇಳುತ್ತಿದ್ದಳು, ಉಗುರುಬೆಚ್ಚನೆಯ ನೀರು. ನಾನು ಯಾರೆಂದು ಕೇಳುವ ದಿನ ಬರುತ್ತದೆಂದು ಕಾಯುತ್ತಿದ್ದೆ, ಅವಳ ತಾಯಿ ಕೇಳಿದ ಹಾಗೆ. ಆ ದಿನ ಬರಲಿಲ್ಲ. ಅದೊಂದು ಉಪಕಾರ.

ಯುಗಾದಿ ಕಳೆದು ಬಿಸಿಲು ಏರಿದ್ದ ಒಂದು ಮಧ್ಯಾಹ್ನ ನಾನು ಹೋದಾಗ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಬ್ಬಿಸುವುದು ಬೇಡವೆಂದು ಮಂಚದ ಅಂಚಿಗೆ ಕೂತು ಕೈ ಹಿಡಿದುಕೊಂಡೆ. ಕೈ ಬೆಚ್ಚಗಿತ್ತು. ಅಂಗೈ, ಬೆರಳು, ಮಣಿಕಟ್ಟು, ಎಲ್ಲ ಬೆಚ್ಚಗೆ, ಈಗಷ್ಟೇ ಒಲೆಯ ಮುಂದಿನಿಂದ ಎದ್ದು ಬಂದವಳ ಕೈಯ ಹಾಗೆ. ನನಗೆ ಬಹಳ ನೆಮ್ಮದಿಯಾಯಿತು. ಮಲಗಿದವಳಿಗೇ ಅವತ್ತಿನ ಸುದ್ದಿ ಹೇಳತೊಡಗಿದೆ. ಕಾಶವ್ವನ ಹುರಿ ಈಗ ಸಮವಾಗಿ ಬರುತ್ತಿದೆ, ನಿನ್ನಷ್ಟಿಲ್ಲ, ಆದರೂ ಪರವಾಗಿಲ್ಲ ಎಂದೆ. ಈರಬಸಪ್ಪನ ಮಗಳಿಗೆ ಗಂಡು ನೋಡುತ್ತಿದ್ದಾರೆ ಎಂದೆ. ಹಿತ್ತಲ ಬೇವು ಹೂ ಬಿಟ್ಟು ಓಣಿಯೆಲ್ಲ ವಾಸನೆ ಎಂದೆ. ಅವಳು ಹೂಂ ಅನ್ನಲಿಲ್ಲ, ಅದಕ್ಕೆ ನಾನು ಬೇಸರ ಮಾಡಿಕೊಳ್ಳಲಿಲ್ಲ.

ಪಕ್ಕದ ಮಂಚದಿಂದ ಸಂಗವ್ವ ನನ್ನ ಹೆಸರು ಕರೆದಳು. ಬಹಳ ಹೊತ್ತಿನಿಂದ ಹೇಳಲೋ ಬೇಡವೋ ಎಂದು ತಡೆದುಕೊಂಡಿದ್ದಳೆಂದು ಕಾಣುತ್ತದೆ. "ಬಾಳಪ್ಪ," ಅಂದಳು, "ಮುಂಜಾನೆಯಿಂದ ಆಕಿ ಉಸಿರು ಕೇಳಿಸವಲ್ದು ನನಗ."

ನಿಂಬೆವ್ವನ ಕೈ ನನ್ನ ಕೈಯಲ್ಲಿ ಬೆಚ್ಚಗೇ ಇತ್ತು. ಯಾರಿಗೂ ಹೇಳಲು ಏಳಲಿಲ್ಲ. ಹೊತ್ತು ಇಳಿಯುತ್ತ ಕಂಬದ ನೆರಳು ಪಡಸಾಲೆಗೆ ಬಂತು, ಅವಳ ಪಾದ ಮುಟ್ಟಿತು, ಮೊಣಕಾಲಿನವರೆಗೆ ಏರಿತು. ನಾನು ಎದ್ದು ಮಂಚದ ಪಟ್ಟಿ ಹಿಡಿದೆ. ಹರಳಿನ ಭಾರಕ್ಕೆ ಮಂಚ ಜಗ್ಗಲಿಲ್ಲ. ಎರಡೂ ಪಾದ ನೆಲಕ್ಕೆ ಊರಿ ಮೈಯೆಲ್ಲ ಹಾಕಿ ಎಳೆದೆ. ಸ್ವಲ್ಪ ಸರಿಯಿತು. ಮತ್ತೆ ಎಳೆದೆ. ಹೀಗೆ ಎಳೆಯುತ್ತ ಎಳೆಯುತ್ತ ಅವಳನ್ನು ಬಿಸಿಲಿಗೆ ತಂದೆ.